ನೀಲಿ ನೀರಿನ ಅನುಮಾನ

ನಮ್ಮ ಯಜಮಾನರ ಅಂಗಿಯ ಜೇಬನ್ನು ನಾನು ದಿನಾ ಮೂಸಿ ನೋಡುತ್ತಿದ್ದ ಕಾಲವೊಂದಿತ್ತು. ಬೇರೆ ಹೆಂಗಸರು ಗಂಡನ ಜೇಬನ್ನು ಯಾತಕ್ಕೆ ತಡಕುತ್ತಾರೋ ನನಗೆ ಗೊತ್ತಿಲ್ಲ, ನಾನು ಹುಡುಕುತ್ತಿದ್ದುದು ಬೆಲ್ಲದ ವಾಸನೆಯನ್ನು. ಜೇಬಿನ ಮೂಲೆಯಲ್ಲಿ ಒಂದು ಕೊಬ್ಬರಿ ಚೂರು ಸಿಕ್ಕಿತೆಂದರೆ ಮುಗಿಯಿತು, ಅದರ ಜೊತೆಗಿದ್ದ ಬೆಲ್ಲ ಎಲ್ಲಿ ಹೋಯಿತು ಎಂದು ವಿಚಾರಣೆ ಶುರು. ಅವರು ಮೊದಮೊದಲು ನಗುತ್ತಿದ್ದರು, ಆಮೇಲೆ ರೇಗುತ್ತಿದ್ದರು, ಕೊನೆಕೊನೆಗೆ ಮನೆಗೆ ಕಾಲಿಡುತ್ತಲೇ ಅಂಗಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಬನಿಯನ್ನಿನಲ್ಲೇ ಊಟಕ್ಕೆ ಕೂರುತ್ತಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ದಬ್ಬೇಘಟ್ಟದ ಕಡೆ, ಬಸ್ಸಿನ ರಸ್ತೆಯಿಂದ ಸ್ವಲ್ಪ ಒಳಗೆ. ಮಕ್ಕಳಿಬ್ಬರೂ ತುರುವೇಕೆರೆಯಲ್ಲಿ ನನ್ನ ತವರಿನಲ್ಲಿದ್ದು ಓದುತ್ತಿದ್ದರು. ಮನೆಯಲ್ಲಿ ಉಳಿದವರು ನಾನು, ಅವರು ಮತ್ತು ಅವರ ತಾಯಿ, ಅಂದರೆ ನನ್ನ ಅತ್ತೆ. ಮಾವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ತೋಟ ಅತ್ತೆಯ ಹೆಸರಿನಲ್ಲಿತ್ತು, ತೋಟದ ವಿಷಯದಲ್ಲಿ ಅವರ ಮಾತೇ ಮಾತು. ಯಾವ ಮರ ಹತ್ತಬೇಕು, ಯಾವ ಗೊನೆ ಇಳಿಸಬೇಕು ಎಂಬುದನ್ನು ಮಗ ಕೂಡ ಅವರನ್ನು ಕೇಳಿಯೇ ಮಾಡಬೇಕಿತ್ತು.

ನಾನು ಮದುವೆಯಾಗಿ ಬಂದಾಗ ನಮ್ಮ ಯಜಮಾನರು ಒಣಕಲು ಕಡ್ಡಿ. ಬೆಳಗಾಗುವ ಮೊದಲೇ ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದರು, ಸಂತೆಗೆ ನಡೆದೇ ಹೋಗಿ ನಡೆದೇ ಬರುತ್ತಿದ್ದರು, ರಾಗಿಮುದ್ದೆ ಉಂಡು ಕೈ ತೊಳೆದರೆ ಮತ್ತೆ ಗುದ್ದಲಿ. ಆಮೇಲೆ ಕರೆಂಟು ಬಂತು, ಪಂಪ್‌ಸೆಟ್ಟು ಬಂತು. ಸ್ವಿಚ್ಚು ಒತ್ತಿ ಕಲ್ಲಿನ ಮೇಲೆ ಕೂತರೆ ಬೇಸಾಯ ತಾನೇ ನಡೆಯಿತು. ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಮೊಪೆಡ್ಡೂ ಬಂತು. ನಾಲೆ ನೀರಿನಿಂದ ಗದ್ದೆ ಆದವರ ಮನೆಗಳಲ್ಲೆಲ್ಲ ಎರಡು ಹೊತ್ತೂ ಅನ್ನ ಉಣ್ಣುವುದೇ ದೊಡ್ಡಸ್ತಿಕೆಯಾಗಿತ್ತು, ನಮ್ಮಲ್ಲೂ ಮುದ್ದೆ ಹಿಂದೆ ಸರಿಯಿತು. ಅವರಿಗೆ ಹೊಟ್ಟೆ ಬಂತು. ಅತ್ತೆಗೆ ಆ ಹೊಟ್ಟೆಯ ಮೇಲೆ ಬಹಳ ಹೆಮ್ಮೆ.

"ಈಗ ನೋಡು ನನ್ ಮಗ ಯಜಮಾನನ ಥರ ಕಾಣ್ತಾನೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ಮಾತ್ರ ಆ ಹೊಟ್ಟೆಯನ್ನು ಕಂಡರೆ ಅನುಮಾನ. ನನ್ನ ಸ್ವಭಾವವೇ ಹಾಗೆ, ಒಳ್ಳೆಯದು ಸುಮ್ಮನೆ ಬಂತೆಂದರೆ ನಂಬುವುದಿಲ್ಲ.

ಒಂದು ದಿನ ಅಂಗಳದಲ್ಲಿ ತೆಂಗಿನ ಚಿಪ್ಪಿನ ಚೂರೊಂದು ಯಜಮಾನರ ಕಾಲಿನ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ತೋಟದವರಿಗೆ ಇದು ಲೆಕ್ಕದ ಗಾಯವೇ ಅಲ್ಲ. ಅರಿಶಿನ ಹಚ್ಚಿದೆವು, ಬೇವಿನ ಸೊಪ್ಪು ಅರೆದು ಕಟ್ಟಿದೆವು. ಗಾಯ ಮಾಯಲಿಲ್ಲ. ಮಳೆಗಾಲ ಮುಗಿಯಿತು, ಅವರೆಕಾಯಿ ಕಾಲ ಬಂತು, ಅದು ಹಸಿಯಾಗಿಯೇ ಇತ್ತು. ತುರುವೇಕೆರೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಗಾಯವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಇವರ ಮೂತ್ರವನ್ನು ನೋಡಿದರು. ಗಾಜಿನ ನಳಿಗೆಯೊಳಗೆ ನೀಲಿ ಬಣ್ಣದ ಔಷಧಿ, ಅದಕ್ಕೆ ಕೆಲವೇ ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿಯುತ್ತಿದ್ದ ಹಾಗೆ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆ ಪುಡಿ ಕಲಸಿದಂತೆ ಕೆಂಪಾಗಿ ನಿಂತಿತು.

"ಸಕ್ಕರೆ ಕಾಯಿಲೆ. ಇದು ಇಳೀಲಿಲ್ಲ ಅಂದ್ರೆ ಕಾಲು ಉಳಿಯಲ್ಲಮ್ಮ" ಎಂದರು ಡಾಕ್ಟರು, ನನ್ನನ್ನೇ ನೋಡಿಕೊಂಡು. "ಮೊದ್ಲು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ."

ಮಾತ್ರೆ ಬರೆದುಕೊಟ್ಟರು. ಸಿಹಿ ಬಿಡಬೇಕು, ಅನ್ನ ಬಿಡಬೇಕು, ಗೆಡ್ಡೆಗೆಣಸು, ಬಾಳೆಹಣ್ಣು, ಮಾವಿನಹಣ್ಣು ಬಿಡಬೇಕು, ಗಾಯ ಒಣಗಿದ ಮೇಲೆ ದಿನಾ ನಡೆಯಬೇಕು. ನೀಲಿ ಔಷಧಿಯ ಒಂದು ಬಾಟಲಿ, ಒಂದು ನಳಿಗೆ ಕೊಟ್ಟು, ಮನೆಯಲ್ಲೇ ಬೆಳಿಗ್ಗೆ ಪರೀಕ್ಷೆ ಮಾಡುವುದನ್ನು ನನಗೆ ಕಲಿಸಿದರು. ಬಸ್ಸಿನಲ್ಲಿ ನಾನು ಆ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ನಮ್ಮ ಯಜಮಾನರು ಕಿಟಕಿ ಕಡೆ ಮುಖ ಮಾಡಿ ಗೊಣಗುತ್ತಿದ್ದರು.

"ಎಲ್ಲಾ ಬೂಟಾಟಿಕೆ ಕಣೇ. ಬಣ್ಣ ಬದಲಾಯ್ಸೋ ನೀರಿಟ್ಕೊಂಡು ಆಟ ಆಡ್ತಾನೆ. ಯಾವನ್ ಉಚ್ಚೆ ಹಾಕಿದ್ರೂ ಕೆಂಪಾಯ್ತದೆ. ಮಾತ್ರೆ ಖರ್ಚಾಗಬೇಕಲ್ಲ!"

ನನಗೆ ಡಾಕ್ಟರ ಮೇಲೂ ಪೂರ್ತಿ ನಂಬಿಕೆ ಇತ್ತೆಂದಲ್ಲ. ಆದರೆ ಆ ಬಣ್ಣವನ್ನು ನಂಬಿದೆ. ಮನುಷ್ಯರ ಹಾಗೆ ಅದಕ್ಕೆ ನನ್ನನ್ನು ಸಮಾಧಾನಪಡಿಸುವ ಆಸೆ ಇರಲಿಲ್ಲ.

ಅಂದಿನಿಂದ ಅಡುಗೆಮನೆ ನನ್ನ ಸರ್ಕಾರ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಕಾಫಿಗೆ ಬೆಲ್ಲವಿಲ್ಲ. ನಮ್ಮ ಸೀಮೆಯಲ್ಲಿ ಕೊಬ್ಬರಿ ಬೆಲ್ಲ ಎಂದರೆ ಊಟದ ಲೆಕ್ಕಕ್ಕೇ ಬರುವುದಿಲ್ಲ, ಬಾಯಾಡಿಸಲು ಜೇಬಿನಲ್ಲಿ ಹಾಕಿಕೊಂಡು ಹೋಗುವಂಥದ್ದು. ಅದಕ್ಕೇ ನಾನು ಜೇಬು ಮೂಸಲು ಶುರು ಮಾಡಿದ್ದು. ಇಷ್ಟೆಲ್ಲ ಮಾಡಿ ಬೆಳಿಗ್ಗೆ ನಳಿಗೆ ಕಾಯಿಸಿದರೆ ಮತ್ತೆ ಅದೇ ಇಟ್ಟಿಗೆ ಕೆಂಪು. ಡಾಕ್ಟರಿಗೆ ಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಮನೇಲಿ ಯಾರೋ ಕದ್ದು ಕೊಡ್ತಿದಾರಮ್ಮ" ಎಂದರು.

ಮನೆಯಲ್ಲಿದ್ದವರು ಮೂವರು. ಒಬ್ಬರು ರೋಗಿ, ಇನ್ನೊಬ್ಬಳು ನಾನು. ಉಳಿದವರು ಯಾರೆಂದು ಹೇಳಬೇಕಾಗಿಲ್ಲ.

ಅತ್ತೆ ಮಗನಿಗೆ ಕದ್ದು ತಿನ್ನಿಸುವುದರಲ್ಲಿ ಎತ್ತಿದ ಕೈ. ಸಣ್ಣಂದಿನಲ್ಲಿ ಮಾವನ ಕಣ್ಣು ತಪ್ಪಿಸಿ ಬೆಣ್ಣೆ ಉಂಡೆ ತಿನ್ನಿಸುತ್ತಿದ್ದುದನ್ನು ಅವರೇ ಹತ್ತು ಸಲ ಹೇಳಿಕೊಂಡಿದ್ದರು. ನಾನು ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ತಲೆಗೂದಲೊಂದನ್ನು ಅಡ್ಡ ಅಂಟಿಸಿಟ್ಟೆ. ಬೆಳಿಗ್ಗೆ ಕೂದಲು ಹಾಗೇ ಇತ್ತು. ಅತ್ತೆಯ ಹಾಸಿಗೆ ಕೊಡವುವ ನೆಪದಲ್ಲಿ ದಿಂಬಿನಡಿ ತಡಕಿದೆ, ಎಲೆ ಅಡಿಕೆ ಚೀಲದೊಳಗೆ ಕೈ ಹಾಕಿದೆ. ಕೊಬ್ಬರಿ ಅಟ್ಟದ ಏಣಿ ಹತ್ತಿ ಕಾಯಿ ರಾಶಿಯ ಹಿಂದೆಲ್ಲ ನೋಡಿದೆ. ಇಳಿಯುವಾಗ ಏಣಿಯ ಕೆಳಗೆ ಅತ್ತೆ ನಿಂತಿದ್ದರು.

"ಏನ್ ಹುಡುಕ್ತಿದ್ದೀಯಮ್ಮಿ?"

"ಏನಿಲ್ಲ ಅತ್ತೆ. ಇಲಿ ಓಡಾಡಿದಂಗಾಯ್ತು."

"ಇಲಿನೋ, ಅತ್ತೆನೋ?" ಎಂದರು. "ನಾನೂ ನೋಡ್ತಾನೇ ಇವ್ನಿ. ಹೊಟ್ಟೆಗೆ ಹಾಕ್ದೆ ನನ್ ಮಗನ್ನ ಒಣಗಿಸ್ತಿದ್ದೀಯ. ಗಾಯ ಎಲ್ಲಿಂದ ಮಾಯ್ತದೆ? ರಕ್ತ ಬ್ಯಾಡ್ವಾ?"

ಅಲ್ಲಿಗೆ ಮನೆಯಲ್ಲಿ ಮೂರು ಅನುಮಾನಗಳಾದವು. ನನಗೆ ಅತ್ತೆಯ ಮೇಲೆ, ಅತ್ತೆಗೆ ನನ್ನ ಮೇಲೆ, ಯಜಮಾನರಿಗೆ ಡಾಕ್ಟರ ಮೇಲೆ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಮೂಸದೆ ಬಾಯಿಗೆ ಹಾಕದ ಸ್ಥಿತಿಗೆ ಬಂದೆವು.

ಅನುಮಾನವೇ ಬಾರದ ಒಂದು ವಸ್ತು ಮಾತ್ರ ಮನೆಯಲ್ಲಿತ್ತು, ಅದು ಎಳನೀರು. ತೆಂಗಿನ ಸೀಮೆ ಎಂದಕೂಡಲೇ ನಾವು ಹೊತ್ತು ಹೊತ್ತಿಗೂ ಎಳನೀರು ಕುಡಿಯುತ್ತೇವೆಂದು ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ನಮ್ಮಲ್ಲಿ ಕಾಯಿ ಬಲಿಯಬೇಕು, ಅಟ್ಟ ಸೇರಬೇಕು, ಹತ್ತಿರ ಹತ್ತಿರ ವರ್ಷ ಅಲ್ಲೇ ಕೂತು ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗಬೇಕು. ಎಳೆಗಾಯಿ ಕೀಳುವುದೆಂದರೆ ಹಿರಿಯರಿಗೆ ಕರುಳು ಕಿತ್ತಂತಾಗುತ್ತಿತ್ತು. ಬಾಣಂತಿಗೆ, ಜ್ವರದವರಿಗೆ, ಬೀಗರಿಗೆ ಮಾತ್ರ ಒಂದೊಂದು. ಅಂಥ ಅತ್ತೆ ಮಗನ ಕಾಯಿಲೆಗೆಂದು ಬಾವಿ ಪಕ್ಕದ ಮರಗಳನ್ನೇ ಬಿಟ್ಟುಕೊಟ್ಟಿದ್ದರು. ಇವರಿಗೋ ತೀರದ ಬಾಯಾರಿಕೆ. ಬೆಳಿಗ್ಗೆ ಎದ್ದರೆ ಎಳನೀರು, ಬಿಸಿಲೇರಿದರೆ ಎಳನೀರು, ಉಂಡ ಮೇಲೆ, ಮಲಗುವ ಮುಂಚೆ. ತಂಪು, ರಕ್ತ ಶುದ್ಧಿ, ಗಾಯಕ್ಕೆ ಒಳ್ಳೆಯದು ಎಂದು ಬಂದವರೆಲ್ಲ ಹೇಳುತ್ತಿದ್ದರು. ಬೇರೆ ಸೀಮೆಯವರಾದ ಆ ಡಾಕ್ಟರು ತಿನ್ನುವುದನ್ನೆಲ್ಲ ಕೇಳಿದ್ದರು, ಕುಡಿಯುವುದನ್ನು ಕೇಳಲಿಲ್ಲ. ನೀರು ಕುಡಿಯುತ್ತಾರೆ ಎಂದು ನಾವೂ ಯಾಕೆ ಹೇಳುತ್ತೇವೆ?

ಅಷ್ಟರಲ್ಲಿ ಅತ್ತೆ ಶೆಟ್ಟಿಕೆರೆಯ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ಆಳಿನ ಕೈಲಿ ಎರಡು ಗೊನೆ ಎಳನೀರು ಇಳಿಸಿ, ಹಗ್ಗ ಕಟ್ಟಿ ನೆರಳಲ್ಲಿಡಿಸಿದರು. ನನಗೆ ಒಳಗೊಳಗೇ ಖುಷಿ. ಈಗ ಕಳ್ಳಿ ಸಿಕ್ಕಿಬೀಳುತ್ತಾಳೆ, ನಳಿಗೆ ನೀಲಿಯಾಗುತ್ತದೆ, ಬಂದ ಮೇಲೆ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡೆ. ನೀಲಿಯಾಗಲಿಲ್ಲ. ಅತ್ತೆ ಊರಲ್ಲಿಲ್ಲದೆಯೂ ಕೆಂಪು. ಅಂದು ನನಗೆ ಆದ ನಿರಾಸೆಯನ್ನು ಹೇಳಿದರೆ ನೀವು ನನ್ನನ್ನು ಕೆಟ್ಟವಳೆಂದುಕೊಳ್ಳುತ್ತೀರಿ.

ಸರಿ, ಹಾಗಾದರೆ ಹೋಟೆಲು. ಕೊಬ್ಬರಿ ಮಾರಲು ತಿಪಟೂರಿಗೆ ಹೋದಾಗಲೆಲ್ಲ ಅಲ್ಲಿ ಏನೇನು ತಿಂದು ಬರುತ್ತಾರೋ ಎಂದು ಈ ಸಲ ನಾನೂ ಜೊತೆಗೆ ಹೊರಟೆ. "ಕಾಲು ನೋವು ನಿಮಗೆ, ಒಬ್ಬರೇ ಹೋಗಬೇಡಿ" ಎಂದೆ. ನಂಬಿದರೋ ಇಲ್ಲವೋ, ಮೊಪೆಡ್ಡು ಬಿಟ್ಟು ಬಸ್ಸಿಗೆ ಬಂದರು. ಮಂಡಿಯಲ್ಲಿ ಹರಾಜು ಮುಂದಕ್ಕೆ ಹೋಯಿತೆಂದು ಅಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡೆವು. ನೆರಳಿನಂತೆ ಹಿಂದೆ ಬಿದ್ದೆ. ನಾನು ಕಟ್ಟಿ ತಂದಿದ್ದ ರಾಗಿ ರೊಟ್ಟಿ ತಿಂದರು, ನೆಂಟರು ಕೊಟ್ಟ ಕಾಫಿಗೆ ಸಕ್ಕರೆ ಬೇಡವೆಂದರು, ನಲ್ಲಿ ನೀರು ಕುಡಿದರು. ಮಂಡಿಯ ಮುಂದೆ ತಳ್ಳುಗಾಡಿಯಲ್ಲಿ ಎಳನೀರಿತ್ತು. ಇವರು ಆ ಕಡೆ ತಿರುಗಿಯೂ ನೋಡಲಿಲ್ಲ. ತೋಟದವರು ಪೇಟೆಯಲ್ಲಿ ಕೊಂಡು ಕುಡಿದರೆ ಮರ್ಯಾದೆ ಉಳಿಯುತ್ತದೆಯೇ?

ಊರಿಗೆ ಬಂದ ಮರುಬೆಳಿಗ್ಗೆ ನಳಿಗೆ ಕಾಯಿಸಿದೆ. ಹಸಿರಿಗೆ ಬಂದು ನಿಂತುಬಿಟ್ಟಿತು. ಎಷ್ಟು ಕುದಿಸಿದರೂ ಮುಂದಕ್ಕೆ ಹೋಗಲಿಲ್ಲ. ಖುಷಿಯಿಂದ ಕರೆದು ತೋರಿಸೋಣವೆಂದು ಹೊರಗೆ ಬಂದರೆ, ಇವರು ಬಾವಿಕಟ್ಟೆಯ ಮೇಲೆ ಕೂತು, ಗೊನೆಯಿಂದ ಒಂದು ಕಾಯಿ ಕಿತ್ತು ಮಚ್ಚಿನಿಂದ ಕೆತ್ತುತ್ತಿದ್ದರು. ತಲೆ ಹಿಂದಕ್ಕೆ ಹಾಕಿ ಗಟಗಟ ಕುಡಿದರು. ಬುರುಡೆಯನ್ನು ಕೆಳಗೆ ಎಸೆದು ಇನ್ನೊಂದಕ್ಕೆ ಕೈ ಹಾಕಿದರು. ಎಸೆದ ಬುರುಡೆಗೆ ಆಗಲೇ ಇರುವೆ ಮುತ್ತಲು ಶುರುವಾಗಿತ್ತು.

ಇವರು ಪಂಪ್‌ಹೌಸಿನ ಕಡೆ ಹೋಗುವುದನ್ನೇ ಕಾದಿದ್ದು, ಒಂದು ಎಳನೀರನ್ನು ಲೋಟಕ್ಕೆ ಬಗ್ಗಿಸಿದೆ. ನಳಿಗೆ ತೊಳೆದು, ನೀಲಿ ಔಷಧಿ ಹಾಕಿ, ಮೂತ್ರದ ಬದಲು ಎಳನೀರಿನ ಹನಿಗಳನ್ನು ಬಿಟ್ಟು ದೀಪಕ್ಕೆ ಹಿಡಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಲೇ ಇಟ್ಟಿಗೆ ಕೆಂಪಾಯಿತು.

ಆ ಸಂಜೆಯೇ ಇವರಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕರು. "ಎಳನೀರಲ್ಲಿ ಸಕ್ಕರೆನಾ? ಯಾರ್ ಹಾಕಿದ್ರೇ, ನಿಮ್ಮಪ್ಪ ಮರ ಹತ್ತಿ ಹಾಕಿದ್ನಾ? ನಾನ್ ಅವತ್ತೇ ಹೇಳ್ಲಿಲ್ವಾ, ಆ ನೀರು ಏನ್ ಹಾಕಿದ್ರೂ ಕೆಂಪಾಯ್ತದೆ ಅಂತ." ಕಾಲು ಹೋಗುತ್ತದೆ ಎಂದು ಕಣ್ಣೀರಿಟ್ಟೆ, ಗೋಗರೆದೆ. ನನ್ನೆದುರಿಗೇ ಇನ್ನೊಂದು ಕೆತ್ತಿ ಕುಡಿದರು.

ಎರಡು ದಿನ ಬಿಟ್ಟು ಅತ್ತೆ ಶೆಟ್ಟಿಕೆರೆಯಿಂದ ಬಂದರು. ಇವರು ತೋಟದಲ್ಲಿದ್ದರು. ನಾನು ಅವರು ಕಾಲು ತೊಳೆಯುವವರೆಗೂ ತಡೆಯಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ.

"ನಾನು ಊರಲ್ಲಿಲ್ದಾಗ ಚೆನ್ನಾಗೇ ಕಥೆ ಕಟ್ಟಿದ್ದೀಯ" ಎಂದರು. "ಬೆಲ್ಲದ್ ಡಬ್ಬೀಲಿ ಸಿಗ್ನಿಲ್ಲ ಅಂತ ಈಗ ನನ್ ಮರದ್ ಮೇಲೆ ಬಂದ್ಯಾ?"

ಅವರನ್ನು ಕೂರಿಸಿ ಕಣ್ಣೆದುರಿಗೇ ಎಳನೀರನ್ನು ಕಾಯಿಸಿ ತೋರಿಸಿದೆ. ಬಾವಿ ನೀರನ್ನು ಕಾಯಿಸಿ ತೋರಿಸಿದೆ, ಅದು ನೀಲಿಯಾಗಿಯೇ ಉಳಿಯಿತು. ಅತ್ತೆ ಸೋಲುವ ಪೈಕಿಯಲ್ಲ.

"ನೀರೇ ಬೇರೆ, ಮೈಯಿಂದ ಬಂದಿದ್ದೇ ಬೇರೆ. ನಂಗ್ಯಾವ ರೋಗಾನೂ ಇಲ್ಲ. ತಡಿ, ನಂದೇ ತತ್ತೀನಿ. ಅದ್ಕೂ ಕೆಂಪಾದ್ರೆ ನಿನ್ ಡಾಕ್ಟ್ರ ಬಣ್ಣ ಬಯಲಾಯ್ತದೆ" ಎಂದು ಹಳೆಯ ಲೋಟವೊಂದನ್ನು ಹಿಡಿದು ಹಿತ್ತಲಿಗೆ ಹೋದರು. ತಂದು ನನ್ನ ಮುಂದೆ ಇಟ್ಟರು.

ಕಾಯಿಸಿದೆ. ಕೆಂಪಾಯಿತು, ಮಗನದಕ್ಕಿಂತ ಗಾಢವಾಗಿ.

ಅತ್ತೆ ಚಪ್ಪಾಳೆ ತಟ್ಟಿಬಿಟ್ಟರು. "ನೋಡ್ದಾ? ನೋಡ್ದಾ? ಈ ವಯಸ್ನಾಗೂ ಗುಂಡುಕಲ್ಲಂಗೆ ಇವ್ನಿ ನಾನು! ಎಲ್ಲಾ ಸುಳ್ಳು ಅಂತ ನನ್ ಮಗ ಹೇಳಿದ್ದು ದಿಟ ಕಣೇ. ಬರ್ಲಿ ಅವ್ನು, ಹೇಳ್ತೀನಿ."

ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋಗುತ್ತಾರೆ, ತಲೆದಿಂಬಿನ ಹತ್ತಿರ ಯಾಕೆ ತುಂಬಿದ ಚೊಂಬು ಬೇಕು, ಅಂಗಾಲು ಉರಿಯೆಂದು ಯಾಕೆ ಕಾಲಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತಾರೆ, ಎಲ್ಲವೂ ಒಂದೇ ಸಲಕ್ಕೆ ತಲೆಗೆ ಬಂತು. ನಾನೂ ಹಿತ್ತಲಿಗೆ ಹೋಗಿ ಬಂದೆ. ನನ್ನದನ್ನು ಅವರೆದುರಿಗೆ ಕಾಯಿಸಿದೆ. ನೀಲಿ. ಕುದ್ದು ಉಕ್ಕುವ ತನಕ ಹಿಡಿದೆ, ಆಗಲೂ ನೀಲಿ.

"ಇನ್ನೊಂದ್ ದಪ ಕಾಯ್ಸು" ಎಂದರು ಅತ್ತೆ. ಕಾಯಿಸಿದೆ. ಬಣ್ಣ ಕದಲಲಿಲ್ಲ.

ಅತ್ತೆ ನಳಿಗೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ಹೊಸಿಲ ಪಕ್ಕದಲ್ಲಿ ಕೂತು, ನನಗಲ್ಲದೆ ಬೇರೆ ಯಾರಿಗೋ ಹೇಳುವವರ ಹಾಗೆ, "ನಮ್ಮವ್ವನ ಕಾಲೂ ಹಿಂಗೇ ಕೊಳ್ತಿತ್ತು. ಯಾರೋ ಮಾಟ ಮಾಡ್ಸಿದ್ದನ್ನ ತುಳಿದವ್ಳೆ ಅಂದ್ರು ಎಲ್ಲಾ. ಅದ್ರಲ್ಲೇ ಹೋದ್ಳು" ಎಂದರು. ನನ್ನ ಕಡೆ ತಿರುಗಿದರು.

"ಅಂಗಾರೆ ಈ ಕಾಯ್ಲೆ ನನ್ನಿಂದ್ಲೇ ಹೋಯ್ತೇನೇ ಅವನ್ಗೆ?"

ಆ ಹೆಂಗಸಿಗೆ ಒಂದು ಮಾತಿನಲ್ಲೂ ಬಿಟ್ಟುಕೊಟ್ಟವಳಲ್ಲ ನಾನು. ಆದರೂ ಅವತ್ತು, "ಇಲ್ಲ ಬುಡಿ ಅತ್ತೆ, ನಿಮ್ಮಿಂದ ಯಾಕೆ? ಎಲ್ಲಾ ಎಳನೀರಿಂದ ಆಗಿರಾದು" ಎಂದೆ.

ಅತ್ತೆ ನನ್ನನ್ನು ಅನುಮಾನದಿಂದ ನೋಡಿದರು. "ಎಳನೀರು ಕೊಟ್ಟೋಳೂ ನಾನೇ ಅಲ್ವೇನೆ?" ಎಂದರು.

ನನಗೆ ಅಳು ಬಂತು. ಅವರು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನಂದು ಕೆಂಪಾಗಿದ್ದು ಅವನ ಕಿವಿಗೆ ಬೀಳಬಾರ್ದು. ನನ್ನಾಣೆ. ಗೊತ್ತಾದ್ರೆ, ಅವ್ವನೂ ಎಲ್ಲಾ ತಿಂದ್ಕೊಂಡು ಬದುಕವ್ಳೆ, ನಂಗೇನಾಯ್ತದೆ ಅಂತಾನೆ. ಇಲ್ಲಾಂದ್ರೆ ನನ್ನ ಮಕ ನೋಡಿ ಕೊರಗ್ತಾನೆ. ಎಳನೀರು ಬುಡ್ಸೋದು ನಂಗೆ ಗೊತ್ತು, ನೀನು ಬಾಯ್ ಹಾಕ್ಬ್ಯಾಡ" ಎಂದರು.

ಮರುದಿನ ಬೆಳಿಗ್ಗೆ ಯಜಮಾನರು ಎಳನೀರಿಗೆ ಕೈ ಹಾಕಿದರೆ ಬಾವಿಕಟ್ಟೆಯಲ್ಲಿ ಗೊನೆ ಇರಲಿಲ್ಲ. ಆಳಿಗೆ ಮರ ಹತ್ತು ಎಂದರು. ಅವನು ಅತ್ತೆಯ ಮುಖ ನೋಡಿದ.

"ಹತ್ತಬ್ಯಾಡ" ಎಂದರು ಅತ್ತೆ. "ಆ ಮರಗಳೂ ಇನ್ಮೇಲೆ ಕೊಬ್ರಿಗೆ. ಬೆಲೆ ಏರ್ತಾ ಅದೆ. ಕುಡ್ದು ಹಾಳ್ ಮಾಡಿದ್ದು ಸಾಕು."

ಯಜಮಾನರು ನಂಬದೆ ನಕ್ಕರು. ತಾಯಿ ನಗಲಿಲ್ಲ. ಇವರು ಕೂಗಾಡಿದರು, ಮಚ್ಚನ್ನು ಬಾವಿಕಟ್ಟೆಗೆ ಎಸೆದರು, ಮಧ್ಯಾಹ್ನ ಉಣ್ಣಲಿಲ್ಲ. ಕಾಯಿಲೆ ಎಂದು ಹೇಳಿದ್ದರೆ ಹಟಕ್ಕೆ ಬಿದ್ದು ಇನ್ನೂ ನಾಲ್ಕು ಕುಡಿಯುತ್ತಿದ್ದರು. ತೋಟದ ಮಾತೆಂದ ಮೇಲೆ ಮೀರುವ ಹಾಗಿರಲಿಲ್ಲ. ಈ ದಾರಿಯನ್ನು ನಾನು ಹುಡುಕಿ ಹುಡುಕಿ ಕಾಣದೇ ಹೋಗಿದ್ದೆ, ಅತ್ತೆಗೆ ಮಗನ ಸ್ವಭಾವ ಗೊತ್ತಿತ್ತು.

ಅಲ್ಲಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಇವರು ತಾಯಿಯ ಜೊತೆ ಮಾತಾಡಲಿಲ್ಲ. ನಳಿಗೆ ಹಳದಿಗೆ ಇಳಿಯಿತು, ಹಸಿರಿಗೆ ಇಳಿಯಿತು. ಗಾಯದ ಅಂಚು ಒಣಗಿ ಒಳಗೆ ಹೊಸ ಚರ್ಮ ಬಂತು. ಬೆರಳು ಉಳಿಯಿತು. ಕಂದಿಕೆರೆಯ ಯಾರೋ ಕೊಟ್ಟ ಮುಲಾಮಿನಿಂದ ವಾಸಿಯಾಯಿತು ಎಂದು ಇವರು ಎಲ್ಲರಿಗೂ ಹೇಳಿಕೊಂಡು ಓಡಾಡಿದರು, ನಾನು ಹಲ್ಲು ಕಚ್ಚಿಕೊಂಡಿದ್ದೆ. ಅತ್ತೆ ಅಷ್ಟರಲ್ಲಿ ಕಾಫಿಗೆ ಬೆಲ್ಲ ಬಿಟ್ಟಿದ್ದರು, ಅನ್ನ ಬಿಟ್ಟು ಮುದ್ದೆಗೆ ಬಂದಿದ್ದರು. ಡಾಕ್ಟರ ಹತ್ತಿರ ಬನ್ನಿ ಎಂದರೆ, ಅವನಿಗೆ ಗೊತ್ತಾಗುತ್ತದೆ ಎಂದು ಒಪ್ಪಲಿಲ್ಲ. ಸೊಸೆ ಮುದುಕಿಯನ್ನೂ ಉಪವಾಸ ಕೆಡವಿದ್ದಾಳೆ ಎಂದು ಊರು ನನ್ನ ಮೇಲೆ ಅನುಮಾನಪಟ್ಟಿತು.

ಗಾಯ ಪೂರ್ತಿ ಮಾಯ್ದು, ಇವರು ಮೊದಲ ಸಲ ಬರಿಗಾಲಲ್ಲಿ ತೋಟವೆಲ್ಲ ಸುತ್ತಿ ಬಂದ ದಿನ, ಬಾವಿ ಪಕ್ಕದ ಆ ಮರಗಳ ಕಾಯಿಗಳನ್ನು ಆಳು ಅಟ್ಟಕ್ಕೆ ಸಾಗಿಸುತ್ತಿದ್ದ. ಅತ್ತೆ ಏಣಿಯ ಬುಡದಲ್ಲಿ ಕೂತು ಒಂದೊಂದನ್ನೇ ಎತ್ತಿಕೊಡುತ್ತಿದ್ದರು. ಆಗಲೇ ಅವರ ಕಣ್ಣು ಮಂಜಾಗುತ್ತಿತ್ತು, ಕಾಯಿಯನ್ನು ಕೈಯಿಂದ ತಡವಿ ಹುಡುಕುತ್ತಿದ್ದರು. ಇವರು ಅಂಗಳದಲ್ಲಿ ನಿಂತು ಅದನ್ನು ನೋಡಿದರು. ಅಷ್ಟು ದಿನಗಳ ಮೇಲೆ ತಾಯಿಯ ಜೊತೆ ಮಾತಾಡಿದರು.

"ಕೊನೆಗೂ ನಿಂಗೆ ಮಗನಿಗಿಂತ ಕೊಬ್ರಿನೇ ಹೆಚ್ಚಾಯ್ತಲ್ಲವ್ವ."

ಅತ್ತೆ ಇವರ ಮುಖ ನೋಡಲಿಲ್ಲ. ಮಗನ ಪಾದದ ಕಡೆ ಬಗ್ಗಿ, ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನ ಬುಡವನ್ನೇ ದಿಟ್ಟಿಸಿದರು.

"ಹೂಂ ಕಣ್ಲಾ, ಹೆಚ್ಚು" ಎಂದು ಹೇಳಿ ಮುಂದಿನ ಕಾಯಿಗೆ ಕೈ ಚಾಚಿದರು.